ಕಣ್ಣಳತೆ ಬಿಟ್ಟು ಕಾರ್ಡು ಹಿಡಿಯಿರಿ: ಐದು ವರ್ಷದೊಳಗಿನ ಮಕ್ಕಳ ತೂಕ ಮತ್ತು ಮನೆಯ ಅಭ್ಯಾಸಗಳ ಬಗ್ಗೆ ಒಂದು ಸಮಗ್ರ ಮಾರ್ಗದರ್ಶಿ

ಅಂಗನವಾಡಿಯಲ್ಲಿ ತೂಕ ಹಾಕುವ ದಿನ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸುವ ಮೊದಲೇ ತಾಯಿಯ ತೀರ್ಪು ಬಂದಿರುತ್ತದೆ. “ಇವನಿಗೆ ಏನು ಹಾಕಿದರೂ ಮೈ ಹತ್ತುವುದಿಲ್ಲ, ಅಕ್ಕೋರೇ” ಎಂದು ಒಬ್ಬರು ಹೇಳಿದರೆ, “ನಮ್ಮ ಕೂಸು ಗುಂಡುಗುಂಡಗಿದೆ, ಅದರ ಚಿಂತೆ ಇಲ್ಲ” ಎಂದು ಇನ್ನೊಬ್ಬರು ಹೇಳುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ಮತ್ತು ಶಿರಸಿಯ ಕಡೆಯ ಊರುಗಳಲ್ಲಿ ಇಂಥ ದಿನಗಳಲ್ಲಿ ಬಹಳ ವರ್ಷ ಕುಳಿತು ನೋಡಿದ ನನಗೆ ಒಂದು ಮಾತು ಮನದಟ್ಟಾಗಿದೆ: ಸೊರಗಿದೆ ಎಂದು ಮನೆಯವರು ಕೊರಗುವ ಮಗು ಅನೇಕ ಸಲ ಸರಿಯಾಗಿಯೇ ಬೆಳೆಯುತ್ತಿರುತ್ತದೆ, ಚಿಂತೆಯಿಲ್ಲ ಎಂದು ಬಿಟ್ಟ ಮಗುವನ್ನೇ ಇನ್ನೊಮ್ಮೆ ಅಳೆದು ನೋಡಬೇಕಾಗಿರುತ್ತದೆ.

ಇದು ನಮ್ಮ ಜಿಲ್ಲೆಯ ತಾಯಂದಿರ ತಪ್ಪಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಅಧಿಕ ತೂಕದ ಮಕ್ಕಳ ತಂದೆತಾಯಿಯರಲ್ಲಿ ಸುಮಾರು ಅರ್ಧದಷ್ಟು ಜನ ತಮ್ಮ ಮಗುವಿನ ತೂಕವನ್ನು ಇರುವುದಕ್ಕಿಂತ ಕಡಿಮೆ ಎಂದೇ ಭಾವಿಸಿದ್ದರು. ಕಣ್ಣು ತೂಗುವುದು ಹೋಲಿಕೆಯಿಂದ. ಪಕ್ಕದ ಮನೆಯ ಮಗು, ತಾನು ಚಿಕ್ಕಂದಿನಲ್ಲಿ ಹೇಗಿದ್ದೆನೆಂಬ ಅಜ್ಜಿಯ ಮಾತು, ಹಾಲಿನ ಪುಡಿಯ ಡಬ್ಬಿಯ ಮೇಲಿನ ಚಿತ್ರ, ಇವೆಲ್ಲ ಸೇರಿ ನಮ್ಮೊಳಗೊಂದು ತಕ್ಕಡಿ ಕಟ್ಟಿರುತ್ತವೆ. ಆ ತಕ್ಕಡಿಯನ್ನು ಕೆಳಗಿಟ್ಟು ನಿಜವಾದ ತಕ್ಕಡಿಯನ್ನು ಹೇಗೆ ಬಳಸಬೇಕು, ಬಂದ ಅಂಕಿಯನ್ನು ಹೇಗೆ ಓದಬೇಕು, ಅನಂತರ ಮನೆಯಲ್ಲಿ ಏನನ್ನು ಬದಲಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಮಗು ಯಾವ ವಯಸ್ಸಿನಲ್ಲಿ ಹೇಗೆ ಬೆಳೆಯುತ್ತದೆ ಎಂದು ತಿಳಿದುಕೊಳ್ಳಿ

ಸುಮಾರು ಮೂರು ಕಿಲೊ ಇದ್ದು ಹುಟ್ಟಿದ ಮಗುವಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು, ಎರಡು ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕರಷ್ಟು ಆಗುತ್ತದೆ. ಅಂದರೆ ಮೊದಲ ವರ್ಷ ಆರು ಕಿಲೊ ಏರಿದ ಮಗು ಎರಡನೆಯ ವರ್ಷ ಎರಡೂವರೆ ಕಿಲೊ ಮಾತ್ರ ಏರುತ್ತದೆ, ಅಲ್ಲಿಂದ ಐದರವರೆಗೆ ವರ್ಷಕ್ಕೆ ಸುಮಾರು ಎರಡು ಕಿಲೊ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. “ವರ್ಷ ತುಂಬುವವರೆಗೆ ಚೆನ್ನಾಗಿ ಉಣ್ಣುತ್ತಿತ್ತು, ಈಗ ಊಟವೇ ಬೇಡ ಅನ್ನುತ್ತದೆ” ಎಂಬ ದೂರು ಬಹುಪಾಲು ಇಲ್ಲಿಂದ ಹುಟ್ಟುತ್ತದೆ, ಒತ್ತಾಯದ ತುತ್ತೂ ಇಲ್ಲಿಂದಲೇ ಆರಂಭವಾಗುತ್ತದೆ.

ಇನ್ನೊಂದು ಸಂಗತಿಯನ್ನು ತಂದೆತಾಯಿಯರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ವರ್ಷದ ಕೂಸಿನ ಮೈಮೇಲಿರುವ ಕೊಬ್ಬು ಅದು ನಡೆಯಲು, ಓಡಲು ಕಲಿತಂತೆ ಕರಗುತ್ತ ಬಂದು, ಎತ್ತರಕ್ಕೆ ಹೋಲಿಸಿದ ದಪ್ಪವು ಐದಾರು ವರ್ಷದ ಸುಮಾರಿಗೆ ಬಾಲ್ಯದ ಅತಿ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ನಾಲ್ಕು ವರ್ಷದ ಮಗು ಅಂಗಿ ಬಿಚ್ಚಿ ನಿಂತಾಗ ಪಕ್ಕೆಲುಬು ತುಸು ಕಾಣುವುದು, ಕೆನ್ನೆ ಇಳಿದು ಮುಖ ಉದ್ದವಾಗುವುದು ಈ ಹಂತದ ಸಹಜ ರೂಪ. ಅದರ ಬದಲು ಮೂರು ನಾಲ್ಕು ವರ್ಷದಲ್ಲೇ ದಪ್ಪ ಮತ್ತೆ ಏರತೊಡಗಿದರೆ, ಮುಂದೆ ಅಧಿಕ ತೂಕ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ಅಜ್ಜಿಗೆ ಸಂತೋಷ ಕೊಡುವ ಗುಂಡು ಕೆನ್ನೆ ಎಂಟು ತಿಂಗಳ ಕೂಸಿಗೆ ಒಪ್ಪುತ್ತದೆ, ನಾಲ್ಕು ವರ್ಷದ ಮಗುವಿನಲ್ಲಿ ಅದನ್ನು ಹುಡುಕಬಾರದು.

ಎರಡನೆಯ ಹೆಜ್ಜೆ: ಸರಿಯಾಗಿ ಅಳೆಯಿರಿ

ತೂಕ ಹಾಕುವಾಗ ಚಪ್ಪಲಿ, ದಪ್ಪ ಬಟ್ಟೆ, ಕಾಲ್ಗಡಗ ತೆಗೆಯಿರಿ. ಮಗು ಉಚ್ಚೆ ಮಾಡಿ ಬಂದಿರಲಿ. ತಕ್ಕಡಿ ಗಟ್ಟಿ ನೆಲದ ಮೇಲಿರಲಿ, ಸೊನ್ನೆ ತೋರಿಸುತ್ತಿರಲಿ. ಪ್ರತಿ ಸಲವೂ ಒಂದೇ ತಕ್ಕಡಿಯಲ್ಲಿ ತೂಗುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಎರಡು ತಕ್ಕಡಿಗಳ ನಡುವಿನ ವ್ಯತ್ಯಾಸವೇ ಒಮ್ಮೊಮ್ಮೆ ಮಗುವಿನ ಎರಡು ತಿಂಗಳ ಬೆಳವಣಿಗೆಗಿಂತ ಹೆಚ್ಚಿರುತ್ತದೆ. ಎರಡು ವರ್ಷ ದಾಟಿದ ಮಗು ತಿಂಗಳಿಗೆ ನೂರೈವತ್ತು, ಇನ್ನೂರು ಗ್ರಾಂ ಮಾತ್ರ ಏರುವುದರಿಂದ ವಾರಕ್ಕೊಮ್ಮೆ ತೂಗಿ ಹೆದರುವುದರಲ್ಲಿ ಅರ್ಥವಿಲ್ಲ. ಒಂದು ದಿನದ ಜ್ವರ, ಎರಡು ಸಲದ ಭೇದಿ ಆ ಇನ್ನೂರು ಗ್ರಾಮನ್ನು ನುಂಗಿಬಿಡುತ್ತದೆ.

ಎತ್ತರವನ್ನು ಅಳೆಯದೆ ಬರಿಯ ತೂಕ ನೋಡುವುದು ಅರ್ಧ ಕೆಲಸ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಅದಕ್ಕೆ ಮೇಲ್ಪಟ್ಟ ಮಗುವನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ಮನೆಯಲ್ಲಾದರೆ ಮಗುವಿನ ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ನೆತ್ತಿಯ ಮೇಲೆ ಒಂದು ಗಟ್ಟಿ ಪುಸ್ತಕವನ್ನು ಗೋಡೆಗೆ ನೇರವಾಗಿ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಗುರುತು ಮಾಡಿ. ತುರುಬು ಕಟ್ಟಿದ್ದರೆ ಬಿಚ್ಚಿ. ಈ ಗುರುತನ್ನು ಮೂರು ತಿಂಗಳಿಗೊಮ್ಮೆ ಹಾಕಿದರೆ ಸಾಕು.

ಮೂರನೆಯ ಅಳತೆ ತೋಳಿನದು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಸುತ್ತುವ ಬಣ್ಣದ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ಅಳತೆ 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ತೀವ್ರ ಎಂದು ಬಂದರೆ ಮುಂದಿನ ತಿಂಗಳ ತೂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡೂ ಪಾದಗಳಲ್ಲಿ ಬಾವು ಕಂಡರೂ ಹಾಗೆಯೇ. ಬಾವಿನ ನೀರು ತೂಕವನ್ನು ಹೆಚ್ಚಿಸಿ ತೋರಿಸುವುದರಿಂದ ಅಂಥ ಮಗುವಿನ ಅಂಕಿಯನ್ನು ನಂಬಲಾಗದು.

“ತೂಗಿದರೆ ದೃಷ್ಟಿ ತಾಗುತ್ತದೆ” ಎಂದು ಹಿರಿಯರು ತಡೆಯುವ ಮನೆಗಳು ಈಗಲೂ ಇವೆ. ಅವರೊಡನೆ ವಾದಕ್ಕೆ ನಿಲ್ಲಬೇಡಿ. ಕಾಡಿಗೆಯ ಬೊಟ್ಟನ್ನು ಅವರ ಕೈಯಿಂದಲೇ ಇಡಿಸಿ ಮಗುವನ್ನು ಕರೆದುಕೊಂಡು ಬನ್ನಿ. ಬೊಟ್ಟಿನಿಂದ ತಕ್ಕಡಿಗೆ ಏನೂ ಅಡ್ಡಿಯಿಲ್ಲ.

ಮೂರನೆಯ ಹೆಜ್ಜೆ: ಅಂಕಿಯನ್ನು ಓದುವುದನ್ನು ಕಲಿಯಿರಿ

ಮಗುವಿನ ತೂಕವನ್ನು ಚುಕ್ಕೆಯಾಗಿ ಗುರುತಿಸುವ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡದವು. “ಅದು ವಿದೇಶದ ಮಕ್ಕಳ ಲೆಕ್ಕ, ನಮ್ಮವರಿಗೆ ಹೊಂದುವುದಿಲ್ಲ” ಎಂಬ ಮಾತು ಓದಿದವರ ಬಾಯಲ್ಲೂ ಬರುತ್ತದೆ. ಬ್ರೆಜಿಲ್, ಘಾನಾ, ನಾರ್ವೆ, ಓಮನ್, ಅಮೆರಿಕಗಳ ಜೊತೆಗೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದೇ ಆ ಗೆರೆಗಳನ್ನು ಎಳೆದದ್ದು. ಎದೆಹಾಲು ಕುಡಿದು, ಒಳ್ಳೆಯ ಆರೈಕೆಯಲ್ಲಿ ಬೆಳೆದ ಮಕ್ಕಳು ಮೊದಲ ಐದು ವರ್ಷ ಎಲ್ಲ ದೇಶಗಳಲ್ಲೂ ಬಹುತೇಕ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಆ ಅಧ್ಯಯನ ತೋರಿಸಿಕೊಟ್ಟ ದೊಡ್ಡ ಸತ್ಯ.

ಆ ಮಾನದಂಡದಂತೆ ಎರಡು ವರ್ಷದ ಗಂಡುಮಗುವಿನ ನಡುಮಟ್ಟದ ತೂಕ 12.2 ಕಿಲೊ, ಹೆಣ್ಣುಮಗುವಿನದು 11.5 ಕಿಲೊ. ಮೂರು ವರ್ಷಕ್ಕೆ ಅದು 14.3 ಮತ್ತು 13.9, ನಾಲ್ಕಕ್ಕೆ 16.3 ಮತ್ತು 16.1, ಐದಕ್ಕೆ 18.3 ಮತ್ತು 18.2 ಕಿಲೊ. ಆದರೆ ಇದು ಪಾಸಾಗಲು ಬೇಕಾದ ಅಂಕವೆಂದು ತಿಳಿಯಬೇಡಿ. ಮೂರು ವರ್ಷದ ಗಂಡುಮಗು 11.3ರಿಂದ 18.3 ಕಿಲೊದವರೆಗೆ ಎಲ್ಲಿದ್ದರೂ ವಯಸ್ಸಿಗೆ ತಕ್ಕ ತೂಕದ ಮಿತಿಯೊಳಗೇ ಇದೆ. ತಂದೆತಾಯಿ ಇಬ್ಬರೂ ಸಣಕಲು ಮೈಯವರಾದರೆ ಮಗು 12.5 ಕಿಲೊ ಇದ್ದು, ಪ್ರತಿ ಸಲವೂ ಅದೇ ಗೆರೆಯ ಜೊತೆಜೊತೆಗೆ ಏರುತ್ತ ಹೋದರೆ ಅದು ಆರೋಗ್ಯವಂತ ಮಗು. ಒಂದು ಚುಕ್ಕೆ ಎಲ್ಲಿದೆ ಎನ್ನುವುದಕ್ಕಿಂತ ಐದಾರು ಚುಕ್ಕೆಗಳನ್ನು ಕೂಡಿಸಿದ ಗೆರೆ ಎತ್ತ ಹೋಗುತ್ತಿದೆ ಎನ್ನುವುದನ್ನು ನೋಡಬೇಕು. ಗೆರೆ ಎರಡು ಮೂರು ತಿಂಗಳು ಏರದೆ ಅಡ್ಡಡ್ಡ ಹೋದರೆ, ಅಥವಾ ಒಂದು ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಜಾರಿದರೆ, ಚುಕ್ಕೆ ಇನ್ನೂ ಕಾರ್ಡಿನ ಹಸಿರು ಭಾಗದಲ್ಲೇ, ಅಂದರೆ ಸರಿಯಾದ ತೂಕದ ಭಾಗದಲ್ಲೇ, ಇದ್ದರೂ ಕಾರಣ ಹುಡುಕಬೇಕು.

ಕಾರ್ಡಿನ ಒಂದು ಮಿತಿಯನ್ನೂ ಇಲ್ಲಿ ಹೇಳಬೇಕು. ವಯಸ್ಸಿಗೆ ತಕ್ಕ ತೂಕ ಮಾತ್ರ ನೋಡಿದರೆ ಎರಡು ಬಗೆಯ ಮಕ್ಕಳು ನಮ್ಮ ಕೈತಪ್ಪಿ ಹೋಗುತ್ತಾರೆ. ನಾಲ್ಕು ವರ್ಷದ ಒಬ್ಬ ಹುಡುಗಿ 16.5 ಕಿಲೊ ಇದ್ದಾಳೆ ಎಂದುಕೊಳ್ಳಿ. ಚುಕ್ಕೆ ನಡುಗೆರೆಯ ಮೇಲೆಯೇ ಬೀಳುತ್ತದೆ, ಎಲ್ಲರಿಗೂ ಸಮಾಧಾನ. ಅವಳ ಎತ್ತರ 92 ಸೆಂ.ಮೀ. ಮಾತ್ರ ಎಂದು ಗೊತ್ತಾದಾಗ ಚಿತ್ರವೇ ಬದಲಾಗುತ್ತದೆ. ಆ ವಯಸ್ಸಿನ ನಡುಮಟ್ಟದ ಎತ್ತರ ಸುಮಾರು 103 ಸೆಂ.ಮೀ., 94 ಸೆಂ.ಮೀ.ಗಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತವಾಗಿದೆ ಎಂದು ಅರ್ಥ. ಅಷ್ಟು ಗಿಡ್ಡ ಮೈಗೆ 16.5 ಕಿಲೊ ಅಧಿಕ ತೂಕ. ಒಂದೇ ಮಗುವಿನಲ್ಲಿ ಹಳೆಯ ಕೊರತೆಯೂ ಹೊಸ ಹೆಚ್ಚಳವೂ ಒಟ್ಟಿಗೆ ಇವೆ. ಈ ಹುಡುಗಿಯನ್ನು ಕಣ್ಣು “ಮೈಕೈ ತುಂಬಿಕೊಂಡಿದ್ದಾಳೆ” ಎಂದು ಮೆಚ್ಚುತ್ತದೆ. ಎತ್ತರವಾಗಿ ಬೆಳೆದ, ಎತ್ತರಕ್ಕೆ ತಕ್ಕ ತೂಕವಿರುವ ಇನ್ನೊಬ್ಬ ಹುಡುಗನನ್ನು ಅದೇ ಕಣ್ಣು “ಕಡ್ಡಿಯ ಹಾಗಿದ್ದಾನೆ” ಎನ್ನುತ್ತದೆ. ಆದ್ದರಿಂದ ಅಂಗನವಾಡಿಯಲ್ಲಿ “ತೂಕ ಎಷ್ಟು?” ಎಂದು ಕೇಳಿ ಸುಮ್ಮನಾಗದೆ “ಎತ್ತರಕ್ಕೆ ತಕ್ಕ ತೂಕ ಹೇಗಿದೆ?” ಎಂದೂ ಕೇಳಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳ ಎತ್ತರ ಕುಂಠಿತವಾಗಿತ್ತು. ಅದೇ ಸಮೀಕ್ಷೆಯಲ್ಲಿ ದೇಶದಾದ್ಯಂತ ಅಧಿಕ ತೂಕದ ಮಕ್ಕಳ ಪ್ರಮಾಣ ಹಿಂದಿನ ಶೇ 2.1ರಿಂದ ಶೇ 3.4ಕ್ಕೆ ಏರಿತ್ತು. ಕೊರತೆಯೇ ನಮ್ಮ ದೊಡ್ಡ ಸಮಸ್ಯೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಆ ಭಯದಲ್ಲಿ ಎಲ್ಲ ಮಕ್ಕಳಿಗೂ ಸಿಹಿ, ಎಣ್ಣೆ ತುಂಬುವುದು ಅದಕ್ಕೆ ಮದ್ದಲ್ಲ. ಪುಣೆಯಲ್ಲಿ ಡಾ. ಚಿತ್ತರಂಜನ ಯಾಜ್ಞಿಕ್ ಅವರ ತಂಡ ನಡೆಸಿದ ಅಧ್ಯಯನದಲ್ಲಿ, ಸರಾಸರಿ 2.7 ಕಿಲೊ ತೂಗುವ ನಮ್ಮ ನವಜಾತ ಶಿಶುಗಳು 3.5 ಕಿಲೊ ತೂಗುವ ಇಂಗ್ಲೆಂಡಿನ ಶಿಶುಗಳಿಗಿಂತ ಸ್ನಾಯುವಿನಲ್ಲಿ ಬಹಳ ಹಿಂದಿದ್ದರೂ ಕೊಬ್ಬಿನಲ್ಲಿ ಅಷ್ಟು ಹಿಂದಿರಲಿಲ್ಲ ಎಂದು ಕಂಡುಬಂತು. ಇಂಥ ಮೈಯ ಮಗುವಿಗೆ ಬೇಕಾದದ್ದು ಸ್ನಾಯು ಮತ್ತು ಎತ್ತರ ಕಟ್ಟುವ ಆಹಾರ.

ನಾಲ್ಕನೆಯ ಹೆಜ್ಜೆ: ಅಡುಗೆಮನೆಯನ್ನು ತಿದ್ದಿ

ನಮ್ಮ ಜಿಲ್ಲೆಯ ಅಡುಗೆಯಲ್ಲಿ ಮಗುವಿಗೆ ಬೇಕಾದದ್ದೆಲ್ಲ ಇದೆ, ಆದರೆ ಮಗುವಿನ ತಟ್ಟೆಗೆ ಅದು ಬಂದು ಸೇರುವುದಿಲ್ಲ ಎಂಬುದೇ ನನ್ನ ದುಃಖ. ಕರಾವಳಿಯ ಮನೆಯಲ್ಲಿ ಹಿರಿಯರು ಬಂಗಡೆ, ತಾರ್ಲೆಯ ಸಾರಿನಲ್ಲಿ ಉಣ್ಣುವಾಗ, ಮುಳ್ಳಿನ ಭಯದಿಂದ ಮಗುವಿಗೆ ಮೂರು ವರ್ಷದವರೆಗೂ ಗಂಜಿಯ ತಿಳಿ ಮತ್ತು ಬಿಸ್ಕತ್ತು. ಘಟ್ಟದ ಮೇಲೆ ಹಿರಿಯರ ಬಾಳೆಯಲ್ಲಿ ತಂಬುಳಿ, ಪಲ್ಯ, ಬೇಳೆ ಎಲ್ಲ ಇದ್ದು ಮಗುವಿಗೆ ಹಾಲು ಅನ್ನ, ಅದರ ಮೇಲೆ ಜೋನಿಬೆಲ್ಲ (ನೀರು ಬೆಲ್ಲ). ಗಂಜಿಯ ತಿಳಿಯಲ್ಲಿ ನೀರೇ ಹೆಚ್ಚು. ಮಗುವಿನ ಹೊಟ್ಟೆ ಸಣ್ಣದು, ಅದು ನೀರಿನಿಂದಲೇ ತುಂಬಿದರೆ ಬೇರೆಯದಕ್ಕೆ ಜಾಗವೆಲ್ಲಿ?

ಗಂಜಿಯನ್ನು ಚಮಚದಿಂದ ಜಾರಿ ಬೀಳದಷ್ಟು ಗಟ್ಟಿಯಾಗಿ ಮಾಡಿ. ಅಕ್ಕಿಯ ಜೊತೆ ಹೆಸರುಬೇಳೆ ಬೇಯಿಸಿ, ಮೇಲೊಂದು ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಹಾಕಿ. ಮೀನನ್ನು ಆರು ತಿಂಗಳ ನಂತರ ಖಾರವಿಲ್ಲದೆ ಬೇಯಿಸಿ, ಬೆರಳಿನಿಂದ ಎಳೆ ಎಳೆಯಾಗಿ ಹಿಸುಕಿ, ಒಂದು ಮುಳ್ಳೂ ಇಲ್ಲವೆಂದು ಖಚಿತಪಡಿಸಿಕೊಂಡು ಕೊಡಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಿರುವಾಗ ಒಣಮೀನು ಮನೆಗೆ ಬರುತ್ತದೆ. ಅದರಲ್ಲಿ ಉಪ್ಪು ಅತಿಯಾಗಿರುವುದರಿಂದ ಆ ಎರಡು ತಿಂಗಳು ಚಿಕ್ಕ ಮಕ್ಕಳಿಗೆ ಮೊಟ್ಟೆ, ಬೇಳೆ, ಮೊಳಕೆ ಹೆಸರುಕಾಳು ಕೊಡುವುದು ಮೇಲು. ಮೀನು, ಮೊಟ್ಟೆ ತಿನ್ನದ ಮನೆಯವರು ಪ್ರತಿ ಊಟದಲ್ಲೂ ಬೇಳೆ ಅಥವಾ ಕಾಳು, ಜೊತೆಗೆ ಮೊಸರು ಇರುವಂತೆ ನೋಡಿಕೊಳ್ಳಿ. ಶೇಂಗಾವನ್ನು ಪುಡಿ ಮಾಡಿ ಬೆರೆಸಿ, ಇಡೀ ಬೀಜವನ್ನು ಐದು ವರ್ಷದೊಳಗಿನ ಮಗುವಿನ ಕೈಗೆ ಕೊಡಬೇಡಿ, ಉಸಿರ್ನಾಳಕ್ಕೆ ಹೋದೀತು. ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಊಟಕ್ಕೆ 250 ಮಿ.ಲೀ. ಬಟ್ಟಲಿನ ಮುಕ್ಕಾಲು ಭಾಗದಿಂದ ಒಂದು ಬಟ್ಟಲು ಸಾಕು. ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ಬಾಳೆಹಣ್ಣೋ ತೆಳ್ಳೇವೋ (ತೆಳು ದೋಸೆ) ಇರಲಿ.

ಹಾಲು ಒಳ್ಳೆಯದೇ, ಆದರೆ ಎರಡನೆಯ ವರ್ಷ ದಾಟಿದ ಮಗು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ದನದ ಹಾಲು ಕುಡಿದರೆ ಊಟಕ್ಕೆ ಹಸಿವು ಉಳಿಯುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆಂದರೂ ನಡೆಯುತ್ತದೆ, ಹೀಗಾಗಿ ರಕ್ತಹೀನತೆ ಬಂದು ಹಸಿವು ಇನ್ನಷ್ಟು ಕುಗ್ಗುತ್ತದೆ. ಸಂಜೆ ಹಿರಿಯರೊಡನೆ ಕುಡಿಸುವ ಚಹಾವೂ ಆಹಾರದಲ್ಲಿರುವ ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತದೆ, ಆ ರೂಢಿಯನ್ನು ಪೂರ್ತಿ ಬಿಡಿಸಿ. ಹಾಲಿಗೆ ಬೆರೆಸುವ ಸಿಹಿ ಮಾಲ್ಟ್ ಪುಡಿಗಳನ್ನು ತೂಕ ಏರಿಸುವ ಔಷಧವೆಂದು ಕೊಂಡು ತರುವವರಿಗೆ ಒಂದು ಮಾತು: ಆನ್‌ಲೈನ್ ಮಾರಾಟದಲ್ಲಿ ಅವುಗಳನ್ನು ಆರೋಗ್ಯ ಪಾನೀಯಗಳ ವಿಭಾಗದಲ್ಲಿ ಇಡಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಸೇರಿಸಿದ ಯಾವುದೂ ಬೇಡ. ಬೆಲ್ಲವೂ ಜೋನಿಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ. ಆಲೆಮನೆಯ ದಿನ ಬೆರಳಿಗೆ ಹತ್ತಿದ ಬೆಲ್ಲವನ್ನು ಮೂರು ವರ್ಷದ ಮಗು ನೆಕ್ಕಿದರೆ ಯಾವ ತೊಂದರೆಯೂ ಇಲ್ಲ, ದಿನವೂ ಅನ್ನದ ಮೇಲೆ ಸುರಿಯುವುದು ಬೇರೆ ಮಾತು. ಜೇನನ್ನು ಮಾತ್ರ ವರ್ಷ ತುಂಬುವವರೆಗೆ ನಾಲಿಗೆಗೂ ತಾಗಿಸಬಾರದು.

ಮಗುವಿನ ತೂಕ ಹೆಚ್ಚಿದ್ದರೂ ಇದೇ ಅಡುಗೆ, ಇದೇ ತಟ್ಟೆ. ಅದಕ್ಕೊಂದು ಪಥ್ಯದ ತಟ್ಟೆ, ಅಣ್ಣನಿಗೊಂದು ಬನ್ಸಿನ ತಟ್ಟೆ ಎಂದು ಎಂದೂ ಮಾಡಬೇಡಿ. ಐದರೊಳಗಿನ ಮಗುವನ್ನು ಉಪವಾಸ ಕೆಡವಿ ತೂಕ ಇಳಿಸಬೇಕಾಗಿಲ್ಲ. ತೂಕ ನಿಧಾನವಾಗಿ ಏರುವಂತೆ ನೋಡಿಕೊಂಡರೆ ಎತ್ತರ ಬೆಳೆದು ಅದನ್ನು ಸರಿದೂಗಿಸುತ್ತದೆ. ಬೇಕರಿಯ ಪೊಟ್ಟಣ, ಬಾಟಲಿಯ ಜ್ಯೂಸು ಇಡೀ ಮನೆಗೆ ಬರುವುದು ನಿಂತರೆ ಅರ್ಧ ಕೆಲಸ ಆದಂತೆ.

ಐದನೆಯ ಹೆಜ್ಜೆ: ಉಣಿಸುವ ರೀತಿಯನ್ನು ಬದಲಿಸಿ

ಏನು, ಯಾವಾಗ, ಎಲ್ಲಿ ಎಂಬುದನ್ನು ಹಿರಿಯರು ನಿರ್ಧರಿಸಲಿ, ಎಷ್ಟು ಎಂಬುದನ್ನು ಮಗುವಿಗೆ ಬಿಡಿ. ಮೊಬೈಲು ತೋರಿಸಿ, ಬಾಯಿ ತೆರೆದಾಗಲೆಲ್ಲ ತುತ್ತು ತುರುಕಿದರೆ ಹೊಟ್ಟೆ ತುಂಬಿತೆಂಬ ಒಳಗಿನ ಸೂಚನೆ ಮಗುವಿಗೆ ಕೇಳಿಸದಂತಾಗುತ್ತದೆ. ಅದರ ಪರಿಣಾಮವಾಗಿ ಒಂದು ಮಗು ಊಟವೆಂದರೆ ಓಡಿಹೋಗುವುದನ್ನೂ ಇನ್ನೊಂದು ಮಗು ಎಷ್ಟು ಹಾಕಿದರೂ ಉಣ್ಣುವುದನ್ನೂ ಕಲಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಕೊಡಿ, ಬಳಿಕ ತಟ್ಟೆ ಎತ್ತಿ, ಮುಂದಿನ ಹೊತ್ತಿನವರೆಗೆ ನೀರಿನ ಹೊರತು ಏನೂ ಬೇಡ. ಮೊದಲ ವಾರ ತಾಯಿಗೆ ಕರುಳು ಚುರ್ರೆನ್ನುತ್ತದೆ, ಅದು ನನಗೆ ಗೊತ್ತು. ಆರೋಗ್ಯವಾಗಿರುವ ಮಗು ಮುಂದಿನ ಹೊತ್ತಿಗೆ ತಾನಾಗಿ ಉಣ್ಣುತ್ತದೆ. ಹೊಸ ಪಲ್ಯವೊಂದನ್ನು ಮಗು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ಬಡಿಸಬೇಕಾಗಬಹುದು. ಎರಡು ಸಲಕ್ಕೇ “ಇವಳಿಗೆ ಬಸಳೆ ಸೇರುವುದಿಲ್ಲ” ಎಂದು ತೀರ್ಮಾನಿಸಬೇಡಿ.

ಆರನೆಯ ಹೆಜ್ಜೆ: ಆಟ ಮತ್ತು ನಿದ್ದೆ

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಮೂರು ಗಂಟೆ ಮೈ ಆಡಿಸಬೇಕು, ಅದರಲ್ಲಿ ಒಂದು ಗಂಟೆಯಾದರೂ ಏದುಸಿರು ಬರುವಂಥ ಆಟ ಇರಬೇಕು. ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಪರದೆ ನೋಡುವುದು ಒಂದು ಗಂಟೆ ಮೀರಬಾರದು, ಎರಡು ವರ್ಷದೊಳಗೆ ಅದು ಬೇಡವೇ ಬೇಡ. ಬೇಸಗೆಯಲ್ಲಿ ಕಾರವಾರದ ಟಾಗೋರ್ ಕಡಲತೀರದ ಮರಳಿನಲ್ಲಿ ಓಡಿದರೆ, ಹಳ್ಳಿಯಲ್ಲಿ ಅಡಿಕೆ ಅಂಗಳದಲ್ಲಿ ಬಿಟ್ಟರೆ ಇದು ತಾನಾಗಿ ಆಗುತ್ತದೆ. ಕಷ್ಟ ಬರುವುದು ಮಳೆಗಾಲದ ನಾಲ್ಕು ತಿಂಗಳಲ್ಲಿ. ಆಗ ಜಗುಲಿಯಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆಯಿರಿ, ಕಣ್ಣಾಮುಚ್ಚಾಲೆ ಆಡಿಸಿ, ಮಳೆ ಹೊಳವಾದ ಹೊತ್ತಿನಲ್ಲಿ ಹೊರಗೆ ಬಿಡಿ. ಒದ್ದೆಯಾದರೆ ಶೀತ ಬರುತ್ತದೆಂಬ ಭಯಕ್ಕೆ ನಾಲ್ಕು ತಿಂಗಳು ಟಿವಿಯ ಮುಂದೆ ಕೂರಿಸುವುದು ಹೆಚ್ಚು ಹಾನಿ. ಹಿರಿಯರ ಧಾರಾವಾಹಿ ಮುಗಿಯುವವರೆಗೆ ಮಗುವೂ ಎದ್ದಿರುವ ಮನೆಗಳಲ್ಲಿ ರಾತ್ರಿ ಎಂಟರೊಳಗೆ ಮಗುವಿನ ಊಟ ಮುಗಿಸುವುದೊಂದನ್ನು ಮೊದಲು ಸಾಧಿಸಿ. ಊಟ ಬೇಗ ಮುಗಿದರೆ ನಿದ್ದೆಯೂ ಬೇಗ ಬರುತ್ತದೆ.

ಏಳನೆಯ ಹೆಜ್ಜೆ: ಮಗುವಿನ ಮುಂದೆ ಮೈಯ ಮಾತು ಆಡಬೇಡಿ

“ಡುಮ್ಮಿ”, “ಕಡ್ಡಿ” ಎಂದು ಪ್ರೀತಿಯಿಂದಲೇ ಕರೆದರೂ ಮೂರು ವರ್ಷದ ಮಗುವಿಗೆ ಅದು ತಾಗುತ್ತದೆ. ಮದುವೆಮನೆಯಲ್ಲಿ ಸಿಕ್ಕ ನೆಂಟರು “ಮಾಣಿ ಯಾಕೆ ಹೀಗೆ ಸೊರಗಿದ್ದಾನೆ?” ಎಂದರೆ, “ಮೊನ್ನೆ ಅಳೆಸಿದ್ದೇವೆ, ಚೆನ್ನಾಗಿ ಬೆಳೆಯುತ್ತಿದ್ದಾನೆ” ಎಂದು ಅವನಿಗೂ ಕೇಳುವಂತೆ ಹೇಳಿ. ಮನೆಯಲ್ಲಿ ಅತ್ತೆಯವರ ಚಿಂತೆಗೆ ಉತ್ತರ ಕೊಡಬೇಕಾದಾಗ ಕಾರ್ಡನ್ನೇ ಅವರ ಕೈಗೆ ಕೊಟ್ಟು, “ಅತ್ತೆ, ಈ ಗೆರೆ ನೋಡಿ, ಹೋದ ಸಲಕ್ಕಿಂತ ಮೇಲೆ ಬಂದಿದೆ. ಬೇಳೆಗಂಜಿ ನಿಮ್ಮ ಕೈಯಿಂದಲೇ ಆಗಲಿ” ಎನ್ನಿ. ಅಜ್ಜಿ ಬಿಸ್ಕತ್ತು ಕೊಡುವುದು ಪ್ರೀತಿಗೆ. ಆ ಪ್ರೀತಿಗೆ ಇನ್ನೊಂದು ದಾರಿ ತೋರಿಸದೆ ಬಿಸ್ಕತ್ತನ್ನಷ್ಟೇ ಕಿತ್ತುಕೊಂಡರೆ ಅದು ಸೆರಗಿನ ಮರೆಯಲ್ಲಿ ಬರುತ್ತದೆ.

ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು

ಗೆರೆ ಮೂರು ತಿಂಗಳು ಏರದಿದ್ದರೆ, ಜ್ವರ ಕೆಮ್ಮು ಭೇದಿ ಮರುಕಳಿಸುತ್ತಿದ್ದರೆ, ಮಗು ಬಿಳಿಚಿಕೊಂಡು ಆಟ ಬಿಟ್ಟಿದ್ದರೆ, ಮಣ್ಣು ತಿನ್ನುತ್ತಿದ್ದರೆ ತೋರಿಸಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ವರ್ಷ ತುಂಬಿದ ಮಗುವಿಗೆ ತಪ್ಪಿಸಬೇಡಿ. ತೂಕ ಹೆಚ್ಚಿರುವ ಮಗು ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿದಂತೆ ಮಾಡಿದರೆ, ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ತಡಮಾಡಬೇಡಿ. ತಿಕ್ಕಿ ತೊಳೆದರೆ ಹೋಗುವ ಕೊಳೆ ಅದಲ್ಲ. ಹೆಚ್ಚು ಉಂಡು ದಪ್ಪಗಾದ ಮಗು ಸಾಮಾನ್ಯವಾಗಿ ಎತ್ತರವಾಗಿಯೂ ಇರುತ್ತದೆ. ದಪ್ಪಗಿದ್ದೂ ಎತ್ತರ ಬೆಳೆಯುವುದು ನಿಧಾನವಾಗಿದ್ದರೆ ಥೈರಾಯ್ಡ್ ಮೊದಲಾದ ಕಾರಣಗಳನ್ನು ವೈದ್ಯರು ಪರೀಕ್ಷಿಸಬೇಕಾಗುತ್ತದೆ.

ಹೋಗುವಾಗ ತಾಯಿ ಕಾರ್ಡು, ಗೋಡೆಯ ಮೇಲಿನ ಎತ್ತರದ ಗುರುತುಗಳ ಅಂಕಿ ಮತ್ತು ಕಳೆದ ಮೂರು ದಿನ ಮಗು ತಿಂದದ್ದನ್ನೆಲ್ಲ, ಎರಡು ಬಿಸ್ಕತ್ತನ್ನೂ ಬಿಡದೆ, ಬರೆದುಕೊಂಡ ಚೀಟಿ ಜೊತೆಗಿರಲಿ. “ಏನೂ ತಿನ್ನುವುದಿಲ್ಲ” ಎಂಬ ಮಾತಿಗಿಂತ ಆ ಚೀಟಿಯಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ, ಬರೆಯುತ್ತ ಕುಳಿತ ತಾಯಿಗೂ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.